ಪ್ಯಾಕೇಜ್ ಹಾಕುವ ಸ್ಕ್ರಿಪ್ಟ್ ಬರೆದು ಶೆಲ್ ಕಲಿಯುವುದು ಸರಿಯಾದ ದಾರಿಯೇ?

ಕಲಿಕೆಯ ಹಾದಿ:

ನಾನು ಬಿಸಿಎ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ 24 ಕಂಪ್ಯೂಟರ್‌ಗಳಿವೆ, ಎಲ್ಲದರಲ್ಲೂ ಡೆಬಿಯನ್ ಲಿನಕ್ಸ್ ಇದೆ. ಸೆಮಿಸ್ಟರ್ ಶುರುವಾಗುವ ಮೊದಲು ಪ್ರತಿಯೊಂದಕ್ಕೂ ಅದೇ ಹನ್ನೆರಡು ತಂತ್ರಾಂಶ ಪ್ಯಾಕೇಜ್‌ಗಳನ್ನು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಗಿಟ್, ವಿಮ್, ಬಿಲ್ಡ್-ಎಸೆನ್ಷಿಯಲ್, ಕನ್ನಡ ಅಕ್ಷರಗಳಿಗೆ ಫಾಂಟ್ಸ್-ಕೆಎನ್‌ಡಿಎ, ಕನ್ನಡದಲ್ಲಿ ಬೆರಳಚ್ಚಿಸಲು ಐಬಸ್-ಎಂ17ಎನ್, ಸ್ಕ್ಯಾನ್ ಮಾಡಿದ ಕನ್ನಡ ಪುಟಗಳನ್ನು ಓದಿಸಲು ಟೆಸರಾಕ್ಟ್-ಒಸಿಆರ್-ಕೆಎಎನ್, ಹೀಗೆ. ಎರಡು ಯಂತ್ರಗಳಿಗೆ ಕೈಯಿಂದ ಹಾಕುವಷ್ಟರಲ್ಲಿ ಸಾಕಾಯಿತು. ಶೆಲ್ ಸ್ಕ್ರಿಪ್ಟಿಂಗ್ (ಆದೇಶಗಳನ್ನು ಕಡತದಲ್ಲಿ ಬರೆದಿಟ್ಟು ಓಡಿಸುವುದು) ಕಲಿಯಬೇಕೆಂಬ ಬಹಳ ದಿನಗಳ ಆಸೆಗೆ ಇದೇ ನೆಪವಾಗಲಿ ಎಂದು ಒಂದು ಸಣ್ಣ ಸಹಾಯಕ ಸ್ಕ್ರಿಪ್ಟ್ ಬರೆಯಲು ಕುಳಿತೆ.

ಒಂದು ಕಡತದಲ್ಲಿ ಸಾಲಿಗೊಂದರಂತೆ ಪ್ಯಾಕೇಜ್ ಹೆಸರುಗಳನ್ನು ಬರೆದೆ. ಸ್ಕ್ರಿಪ್ಟಿನಲ್ಲಿ ಆ ಕಡತವನ್ನು ಸಾಲು ಸಾಲಾಗಿ ಓದುವ ವೈಲ್ ರೀಡ್ ಲೂಪ್ ಹಾಕಿ, ಒಳಗೆ ಸುಡೊ ಆಪ್ಟ್-ಗೆಟ್ ಇನ್‌ಸ್ಟಾಲ್ ಎಂದು (ನಿರ್ವಾಹಕ ಅಧಿಕಾರದಲ್ಲಿ ಪ್ಯಾಕೇಜ್ ಹಾಕುವ ಆದೇಶ) ಕೊಟ್ಟೆ. (ಆದೇಶಗಳನ್ನು ಉಚ್ಚರಿಸುವಂತೆಯೇ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ.) ಗಿಟ್ ಸರಿಯಾಗಿ ಬಂತು. ಬಿಲ್ಡ್-ಎಸೆನ್ಷಿಯಲ್ ಸರದಿ ಬಂದಾಗ 'ಮುಂದುವರಿಯಬೇಕೇ' ಎಂಬ ಪ್ರಶ್ನೆ ಪರದೆಯ ಮೇಲೆ ಕಂಡಿತು. ನಾನು ಯಾವ ಕೀಲಿಯನ್ನೂ ಒತ್ತುವ ಮೊದಲೇ 'ಅಬಾರ್ಟ್' ಎಂದು ನಿಂತುಹೋಯಿತು. ಪಟ್ಟಿಯಲ್ಲಿದ್ದ ಕೆಲವು ಹೆಸರುಗಳ ಸುಳಿವೇ ಇಲ್ಲ. ಇಷ್ಟಾದರೂ ಕೊನೆಯಲ್ಲಿ 'ಎಲ್ಲವೂ ಮುಗಿಯಿತು' ಎಂಬ ನನ್ನದೇ ಸಂದೇಶ ಮೂಡಿತು.

ಹಿರಿಯ ಸ್ನೇಹಿತರೊಬ್ಬರು 'ಇದಕ್ಕೆಲ್ಲ ಸಿದ್ಧ ಸಾಧನಗಳಿವೆ, ಸಮಯ ಹಾಳು ಮಾಡಬೇಡ' ಎನ್ನುತ್ತಾರೆ. ನನಗೆ ಎರಡು ಉತ್ತರಗಳು ಬೇಕು. ತಪ್ಪು ಎಲ್ಲಿದೆ? ಮತ್ತು ಶೆಲ್ ಕಲಿಯಲು ಇಂಥ ಸ್ಕ್ರಿಪ್ಟ್ ಬರೆಯುವುದು ಒಳ್ಳೆಯ ದಾರಿಯೇ?

ಸರ್ವರ್ ಕಾವಲು:

ನಿಮ್ಮ ಸ್ನೇಹಿತರ ಮಾತಿಗೆ ನನ್ನ ಒಪ್ಪಿಗೆ ಇದೆ. ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಸರ್ವರ್‌ಗಳನ್ನು ನೋಡಿಕೊಳ್ಳುತ್ತಿದ್ದೇನೆ. ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿದ ತೊಂದರೆಗಳಲ್ಲಿ ಬಹುಪಾಲು ಯಾರೋ ಹಿಂದೆಂದೋ ಬರೆದಿಟ್ಟ 'ಸಣ್ಣ ಸಹಾಯಕ ಸ್ಕ್ರಿಪ್ಟ್'ಗಳವು.

ಮೊದಲನೆಯದಾಗಿ ನಿಮಗೆ ಲೂಪ್ ಬೇಕಾಗಿಯೇ ಇಲ್ಲ. ಆಪ್ಟ್-ಗೆಟ್ ಹನ್ನೆರಡು ಹೆಸರುಗಳನ್ನೂ ಒಂದೇ ಸಲ ತೆಗೆದುಕೊಳ್ಳುತ್ತದೆ, ಅವಲಂಬನೆಗಳನ್ನು ಒಟ್ಟಿಗೆ ಲೆಕ್ಕ ಹಾಕುತ್ತದೆ. ಹನ್ನೆರಡು ಸಲ ಕರೆದರೆ ಹನ್ನೆರಡು ಸಲ ಪ್ಯಾಕೇಜ್ ಪಟ್ಟಿಯನ್ನು ಓದಿ ಲೆಕ್ಕ ಹಾಕಬೇಕು. ಎರಡನೆಯದಾಗಿ 24 ಯಂತ್ರಗಳೆಂದರೆ ಅದು ಅನೇಕ ಯಂತ್ರಗಳನ್ನು ಒಟ್ಟಿಗೆ ಸಿದ್ಧಪಡಿಸುವ ಅನ್ಸಿಬಲ್‌ಗೆ ಹೇಳಿ ಮಾಡಿಸಿದ ಕೆಲಸ. 2012ರಿಂದಲೂ ಇದೆ, ದೂರದ ಯಂತ್ರಕ್ಕೆ ಆದೇಶ ಕಳಿಸುವ ಎಸ್‌ಎಸ್‌ಎಚ್ ಮೂಲಕ ಕೆಲಸ ಮಾಡುತ್ತದೆ. ಆಚೆ ಬದಿಯ ಯಂತ್ರದಲ್ಲಿ ಪೈಥಾನ್ ಇದ್ದರೆ ಸಾಕು. ಪ್ಯಾಕೇಜ್ ಹೆಸರುಗಳನ್ನು ಬರೆದು 'ಇವು ಇರಬೇಕು' ಎಂದರೆ ಇದ್ದುದನ್ನು ಬಿಟ್ಟು ಇಲ್ಲದ್ದನ್ನು ಮಾತ್ರ ಹಾಕುತ್ತದೆ.

ಮೂರನೆಯದೇ ನನ್ನ ನಿಜವಾದ ಭಯ. ಕಲಿಯುವವರು ರೂಟ್ (ಯಂತ್ರದ ಸಂಪೂರ್ಣ) ಅಧಿಕಾರದಲ್ಲಿ ಓಡುವ ಸ್ಕ್ರಿಪ್ಟ್ ಬರೆಯಬಾರದು. 2011ರಲ್ಲಿ ಬಂಬಲ್‌ಬೀ ಎಂಬ ಗ್ರಾಫಿಕ್ಸ್ ಯೋಜನೆಯ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಕಡತ ಅಳಿಸುವ ಆರ್‌ಎಂ ಆದೇಶದ ಒಳಗೆ ಒಂದು ಖಾಲಿ ಜಾಗ ಹೆಚ್ಚಾಗಿ ಬಿದ್ದಿತ್ತು. /ಯುಎಸ್‌ಆರ್ ಆದ ಮೇಲೆ ಒಂದು ಸ್ಪೇಸ್, ಅಷ್ಟೆ. ಯಾವುದೋ ಒಳಗಿನ ಕೋಶವನ್ನು ಅಳಿಸಬೇಕಾದ ಸಾಲು ಬಹುತೇಕ ತಂತ್ರಾಂಶಗಳಿರುವ ಇಡೀ /ಯುಎಸ್‌ಆರ್ ಅನ್ನು ಅಳಿಸಿತು. 2015ರ ಜನವರಿಯಲ್ಲಿ ಲಿನಕ್ಸ್‌ನ ಸ್ಟೀಮ್ (ಆಟಗಳ ಅಂಗಡಿ) ಸ್ಕ್ರಿಪ್ಟಿನಲ್ಲಿ ಇದೇ ಬಗೆಯ ದೋಷ ಬಯಲಾಯಿತು. ಒಂದು ವೇರಿಯಬಲ್ ಖಾಲಿಯಾಗಿ ಉಳಿದರೆ ಅಳಿಸುವ ಆದೇಶ ಮೂಲ ಕೋಶದಿಂದಲೇ ಶುರುವಾಗುತ್ತಿತ್ತು. ಇವುಗಳನ್ನು ಬರೆದವರು ಹೊಸಬರೇನೂ ಅಲ್ಲ. ಅನುಭವಸ್ಥರ ಕೈಯೇ ಹೀಗೆ ಜಾರಿರುವಾಗ ಮೊದಲ ಸ್ಕ್ರಿಪ್ಟನ್ನೇ ಸುಡೊ ಹಾಕಿ ಓಡಿಸಿ ಎಂದು ನಾನು ಯಾರಿಗೂ ಹೇಳಲಾರೆ.

ಲ್ಯಾಬ್ ಮೇಷ್ಟ್ರು:

ಮೊದಲು ತಪ್ಪು ಎಲ್ಲಿದೆ ಎಂಬುದಕ್ಕೆ ಉತ್ತರ. ಅದನ್ನು ಬಿಟ್ಟು ಸಾಧನಗಳ ಚರ್ಚೆಗೆ ಹೋಗುವುದು ಸರಿಯಲ್ಲ.

ನಿಮ್ಮ ವೈಲ್ ಲೂಪಿನ ಇನ್‌ಪುಟ್ ಎಂದರೆ ಆ ಪಟ್ಟಿಯ ಕಡತ. ಲೂಪಿನ ಒಳಗೆ ಓಡುವ ಪ್ರತಿಯೊಂದು ಆದೇಶಕ್ಕೂ ಅದೇ ಇನ್‌ಪುಟ್ ಸಿಗುತ್ತದೆ. ಆಪ್ಟ್-ಗೆಟ್ 'ಮುಂದುವರಿಯಬೇಕೇ' ಎಂದು ಕೇಳಿ ಉತ್ತರಕ್ಕಾಗಿ ಇನ್‌ಪುಟ್ ಓದಿದಾಗ ಸಿಕ್ಕಿದ್ದು ನಿಮ್ಮ ಕೀಲಿಮಣೆಯಲ್ಲ, ಪಟ್ಟಿಯ ಮುಂದಿನ ಸಾಲು. ಅಲ್ಲಿ 'ವಿಮ್' ಎಂದಿತ್ತು ಎಂದುಕೊಳ್ಳಿ. ಅದು 'ವೈ'ಯಿಂದ ಶುರುವಾಗುವ ಉತ್ತರವಲ್ಲ, ಆದ್ದರಿಂದ ಬೇಡವೆಂದೇ ಅರ್ಥ. ಹೀಗೆ ವಿಮ್ ಎರಡು ಕೆಲಸ ಮಾಡಿತು. ಬಿಲ್ಡ್-ಎಸೆನ್ಷಿಯಲ್ ಬರದಂತೆ ತಡೆಯಿತು, ತಾನೂ ಪಟ್ಟಿಯಿಂದ ಮಾಯವಾಯಿತು.

-ವೈ (ಎಲ್ಲಕ್ಕೂ ಹೌದು) ಹಾಕಿದರೆ ಪ್ರಶ್ನೆ ಕೇಳುವುದು ನಿಲ್ಲುತ್ತದೆ. ಆದರೆ ರೋಗ ಹೋಗುವುದಿಲ್ಲ. ಯಾವುದಾದರೂ ಪ್ಯಾಕೇಜಿನ ಒಳಗಿನ ಸ್ಕ್ರಿಪ್ಟ್ ಇನ್‌ಪುಟ್ ಓದಿದರೆ ಮತ್ತೆ ಅದೇ ಕಥೆ. ಲೂಪಿನೊಳಗಿನ ಆದೇಶದ ಇನ್‌ಪುಟ್ಟನ್ನು /ಡೆವ್/ನಲ್ (ಓದಿದರೆ ಏನೂ ಸಿಗದ ವಿಶೇಷ ಕಡತ) ಕಡೆಗೆ ತಿರುಗಿಸಿ, ಇಲ್ಲವೇ ಪಟ್ಟಿಯನ್ನು ಬೇರೆಯೇ ಒಂದು ಓದುವ ದಾರಿಯಾದ 3 ಎಂಬ ಸಂಖ್ಯೆಯ ಫೈಲ್ ಡಿಸ್ಕ್ರಿಪ್ಟರ್‌ನಿಂದ ಓದಿ. ಎಸ್‌ಎಸ್‌ಎಚ್ ಅನ್ನು ಲೂಪಿನೊಳಗೆ ಹಾಕಿದವರಿಗೆ ಒಂದೇ ಯಂತ್ರದಲ್ಲಿ ಕೆಲಸ ನಡೆದು ಉಳಿದ ಇಪ್ಪತ್ಮೂರು ಬಿಟ್ಟುಹೋಗುವುದೂ ಇದೇ ಕಾರಣಕ್ಕೆ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ಕಾವಲು ಅವರೇ, ನಿಮ್ಮ ಭಯ ನಿಜವಾದದ್ದೇ. ಆದರೆ ನೀವು ಸೂಚಿಸಿದ ದಾರಿಯಲ್ಲಿ ಈ ವಿದ್ಯಾರ್ಥಿನಿಗೆ ಇನ್‌ಪುಟ್ ಎಂದರೇನು ಎಂಬುದು ತಿಳಿಯುತ್ತಿತ್ತೇ? ಶೆಲ್ ಎಂದೊಡನೆ ಪಾಠಗಳಲ್ಲಿ ಏನು ಬರೆಸುತ್ತೇವೆ ನೋಡಿ. ಫ್ಯಾಕ್ಟೋರಿಯಲ್, ಪ್ಯಾಲಿಂಡ್ರೋಮ್, ಮಗ್ಗಿ. ನಾನೂ ಎಷ್ಟೋ ವರ್ಷ ಅದನ್ನೇ ಬರೆಸಿದೆ, ಅದಕ್ಕೆ ಇಂದಿಗೂ ಬೇಸರವಿದೆ. ಶೆಲ್ ಲೆಕ್ಕ ಮಾಡುವ ಭಾಷೆಯಲ್ಲ. ಬೆಲ್ ಪ್ರಯೋಗಾಲಯದಲ್ಲಿ ಸ್ಟೀಫನ್ ಬೋರ್ನ್ ಬರೆದು, 1979ರಲ್ಲಿ ಯುನಿಕ್ಸ್‌ನ ಏಳನೆಯ ಆವೃತ್ತಿಯೊಂದಿಗೆ ಹೊರಬಂದ ಶೆಲ್ಲಿನಿಂದ ಹಿಡಿದು ಹತ್ತು ವರ್ಷದ ನಂತರ ಬಂದ ಬ್ರಯಾನ್ ಫಾಕ್ಸ್ ಅವರ ಬ್ಯಾಷ್‌ವರೆಗೆ ಅದರ ಮುಖ್ಯ ಕೆಲಸ ಒಂದೇ. ಬೇರೆ ಪ್ರೋಗ್ರಾಮ್‌ಗಳನ್ನು ಕರೆಯುವುದು, ಅವುಗಳ ಬಾಯಿ ಕಿವಿಗಳನ್ನು ಜೋಡಿಸುವುದು, ಅವು ಗೆದ್ದವೋ ಸೋತವೋ ಕೇಳಿ ಮುಂದಿನ ಹೆಜ್ಜೆ ಇಡುವುದು. ಫ್ಯಾಕ್ಟೋರಿಯಲ್‌ನಲ್ಲಿ ಇದರಲ್ಲಿ ಒಂದೂ ಇಲ್ಲ. ಪ್ಯಾಕೇಜ್ ಹಾಕುವ ಸ್ಕ್ರಿಪ್ಟಿನಲ್ಲಿ ಮೂರೂ ಇವೆ. ಮೊದಲ ದಿನವೇ ಮೂರೂ ಅವರ ಮುಂದೆ ಬಂದು ನಿಂತವು.

ಸರ್ವರ್ ಕಾವಲು:

ಇನ್‌ಪುಟ್ ವಿಚಾರವನ್ನು ನಾನು ನೋಡದೆ ಹೋದೆ, ವಿವರಣೆ ಸರಿಯಾಗಿದೆ. ಆದರೆ ಲೂಪ್ ಇಲ್ಲದಿದ್ದರೆ ಆ ರೋಗವೇ ಇರುವುದಿಲ್ಲ ಎಂಬ ನನ್ನ ಮಾತು ನಿಲ್ಲುತ್ತದೆ. ಪಟ್ಟಿಯನ್ನು ಮ್ಯಾಪ್‌ಫೈಲ್‌ನಿಂದ ಅರೇಗೆ (ಹಲವು ಬೆಲೆಗಳನ್ನು ಒಟ್ಟಿಗೆ ಇಡುವ ಪಟ್ಟಿಗೆ) ಓದಿಕೊಂಡು ಒಂದೇ ಕರೆಯಲ್ಲಿ ಕೊಡಿ. ಎರಡು ಸಾಲಿನ ಕೆಲಸ.

ಹೊರನಾಡಿಗ:

ಒಂದೇ ಕರೆಯಲ್ಲಿ ಇನ್ನೊಂದು ತೊಡಕು ಇದೆ. ಹನ್ನೆರಡು ಹೆಸರುಗಳಲ್ಲಿ ಒಂದು ತಪ್ಪಾಗಿದ್ದರೂ ಆಪ್ಟ್-ಗೆಟ್ ಉಳಿದ ಹನ್ನೊಂದನ್ನೂ ಹಾಕುವುದಿಲ್ಲ. 'ಆ ಪ್ಯಾಕೇಜ್ ಸಿಗಲಿಲ್ಲ' ಎಂದು ಹೇಳಿ 100 ಎಂಬ ಎಕ್ಸಿಟ್ ಕೋಡ್‌ನೊಂದಿಗೆ ಹೊರಬೀಳುತ್ತದೆ (ಸೊನ್ನೆ ಎಂದರೆ ಗೆಲುವು, ಬೇರೆ ಸಂಖ್ಯೆ ಎಂದರೆ ಸೋಲು). ಲೂಪಿನಲ್ಲಾದರೆ ತಪ್ಪಿದ್ದು ತಪ್ಪಿ ಉಳಿದವು ಬರುತ್ತವೆ. ಯಾವುದು ಸರಿ ಎಂಬುದು ಏನು ಬೇಕು ಎಂಬುದರ ಮೇಲೆ ನಿಂತಿದೆ. ಸರ್ವರ್‌ನಲ್ಲಿ 'ಎಲ್ಲವೂ ಅಥವಾ ಯಾವುದೂ ಇಲ್ಲ' ಎಂಬುದು ಒಳ್ಳೆಯದು. ನಾಳೆ ಬೆಳಿಗ್ಗೆ ತರಗತಿ ಇರುವ ಪ್ರಯೋಗಾಲಯದಲ್ಲಿ ಹನ್ನೊಂದಾದರೂ ಇರಲಿ ಎನ್ನಬಹುದು.

ನನ್ನ ಸಲಹೆ: ಮೊದಲು ಲೂಪಿನಲ್ಲಿ ಪ್ರತಿ ಹೆಸರನ್ನೂ ಆಪ್ಟ್-ಕ್ಯಾಶ್ ಶೋ ಎಂದು ಕೇಳಿ, ಅದರ ಎಕ್ಸಿಟ್ ಕೋಡ್ ನೋಡಿ ಎರಡು ಅರೇಗಳಾಗಿ ಬೇರ್ಪಡಿಸಿ. ಸಿಗದ ಹೆಸರುಗಳನ್ನು ಪರದೆಗೆ ಬರೆಯಿರಿ, ಸಿಕ್ಕಿದವನ್ನು ಒಂದೇ ಕರೆಯಲ್ಲಿ ಹಾಕಿ. ಲೂಪೂ ಕಲಿತಂತಾಯಿತು, ಕೆಲಸವೂ ಒಂದೇ ವ್ಯವಹಾರದಲ್ಲಿ ಮುಗಿಯಿತು.

ಇನ್ನೊಂದು ಎಚ್ಚರಿಕೆ. ಆಪ್ಟ್ ಪರದೆಗೆ ಬರೆಯುವ ವಾಕ್ಯವನ್ನು ಗ್ರೆಪ್‌ನಲ್ಲಿ ಹುಡುಕಿ ಗೆಲುವು ಸೋಲು ನಿರ್ಧರಿಸಬೇಡಿ. ನಾನು ಜರ್ಮನಿಯಲ್ಲಿದ್ದೇನೆ. ಇಂಗ್ಲಿಷ್ ಸಂದೇಶವನ್ನು ಹುಡುಕುವ ಹಾಗೆ ಬರೆದಿದ್ದ ನನ್ನ ಸ್ಕ್ರಿಪ್ಟನ್ನು ಸಹೋದ್ಯೋಗಿಯ ಯಂತ್ರದಲ್ಲಿ ಓಡಿಸಿದಾಗ ಆಪ್ಟ್ ಜರ್ಮನ್‌ನಲ್ಲಿ ಮಾತನಾಡಿತು, ಸ್ಕ್ರಿಪ್ಟ್ ಎಲ್ಲವೂ ಸರಿ ಎಂದಿತು. ಪಠ್ಯವನ್ನೇ ಓದಬೇಕಾದ ಅನಿವಾರ್ಯ ಬಂದರೆ ಆದೇಶದ ಮುಂದೆ ಎಲ್‌ಸಿ_ಆಲ್=ಸಿ ಎಂದು ಹಾಕಿ, ಸಂದೇಶ ಇಂಗ್ಲಿಷಿನಲ್ಲೇ ಬರುತ್ತದೆ. ಇಲ್ಲದಿದ್ದರೆ ಎಕ್ಸಿಟ್ ಕೋಡ್ ಒಂದನ್ನೇ ನಂಬಿ.

ಅಂದ ಹಾಗೆ ಸ್ಕ್ರಿಪ್ಟಿನಲ್ಲಿ ಬಳಸಬೇಕಾದ್ದು ಆಪ್ಟ್-ಗೆಟ್, ಆಪ್ಟ್ ಅಲ್ಲ. ನೀವು ಸರಿಯಾದದ್ದನ್ನೇ ಬಳಸಿದ್ದೀರಿ. ಆಪ್ಟ್ ಎಂಬ ಚಿಕ್ಕ ಆದೇಶ 2014ರಲ್ಲಿ 1.0 ಆವೃತ್ತಿಯೊಂದಿಗೆ ಬಂದದ್ದು, ಮನುಷ್ಯರು ನೇರವಾಗಿ ಬಳಸಲೆಂದು. ಅದರ ಔಟ್‌ಪುಟ್ಟನ್ನು ಬೇರೆ ಪ್ರೋಗ್ರಾಮಿಗೆ ಕೊಟ್ಟರೆ 'ನನ್ನ ರೂಪ ಸ್ಥಿರವಲ್ಲ' ಎಂದು ಅದೇ ಎಚ್ಚರಿಸುತ್ತದೆ.

ಎರಡನೇ ಸೆಮಿಸ್ಟರ್:

ಈಗಾಗಲೇ ಇರುವ ಪ್ಯಾಕೇಜನ್ನು ಬಿಟ್ಟು ಮುಂದೆ ಹೋಗಲು ಕಮಾಂಡ್ -ವಿ ಹಾಕಿ ಆ ಹೆಸರಿನ ಆದೇಶ ಇದೆಯೇ ಎಂದು ನೋಡಿದರೆ ಸಾಕಲ್ಲವೇ? ನಾನು ಹಾಗೆಯೇ ಬರೆದಿದ್ದೇನೆ. ಗಿಟ್‌ಗೆ ಸರಿಯಾಗಿ ಕೆಲಸ ಮಾಡುತ್ತದೆ.

ಲ್ಯಾಬ್ ಮೇಷ್ಟ್ರು:

ಗಿಟ್‌ಗೆ ಸರಿ, ಏಕೆಂದರೆ ಪ್ಯಾಕೇಜಿನ ಹೆಸರೂ ಆದೇಶದ ಹೆಸರೂ ಒಂದೇ. ರಿಪ್‌ಗ್ರೆಪ್ ಹಾಕಿದರೆ ಸಿಗುವ ಆದೇಶ ಆರ್‌ಜಿ. ಡೆಬಿಯನ್‌ನಲ್ಲಿ ಎಫ್‌ಡಿ-ಫೈಂಡ್ ಹಾಕಿದರೆ ಸಿಗುವುದು ಎಫ್‌ಡಿಫೈಂಡ್, ಬ್ಯಾಟ್ ಹಾಕಿದರೆ ಬ್ಯಾಟ್‌ಕ್ಯಾಟ್. ಬಿಲ್ಡ್-ಎಸೆನ್ಷಿಯಲ್ ಎಂಬ ಹೆಸರಿನ ಆದೇಶವೇ ಇಲ್ಲ. ಕನ್ನಡ ಫಾಂಟ್‌ಗಳ ಪ್ಯಾಕೇಜಿನಲ್ಲಿ ಓಡಿಸುವ ಕಡತವೇ ಇಲ್ಲ. ನಿಮ್ಮ ಸ್ಕ್ರಿಪ್ಟ್ ಅದನ್ನು ಪ್ರತಿ ಸಲವೂ 'ಇಲ್ಲ' ಎಂದೇ ತಿಳಿಯುತ್ತದೆ.

ಹಾಗಾದರೆ ಪ್ಯಾಕೇಜ್ ಪಟ್ಟಿ ಕೊಡುವ ಡಿಪಿಕೆಜಿ -ಎಲ್ ಅನ್ನು ಗ್ರೆಪ್‌ಗೆ ಕೊಡೋಣ ಎಂದು ಹೊಳೆಯುತ್ತದೆ. ಬೇಡ. ವಿಮ್ ಹುಡುಕಿದರೆ ವಿಮ್-ಕಾಮನ್ ಸಿಕ್ಕಿ 'ಇದೆ' ಎನ್ನುತ್ತದೆ. ಪ್ಯಾಕೇಜಿನ ಸ್ಥಿತಿ ಹೇಳುವ ಡಿಪಿಕೆಜಿ -ಎಸ್ ಇನ್ನೂ ಸೂಕ್ಷ್ಮವಾಗಿ ಮೋಸ ಮಾಡುತ್ತದೆ. ಪ್ಯಾಕೇಜನ್ನು ತೆಗೆದುಹಾಕಿ, ಅದರ ಸಂರಚನಾ ಕಡತಗಳು ಮಾತ್ರ ಉಳಿದಿದ್ದರೂ ಅದು ಸೊನ್ನೆಯನ್ನೇ ಹಿಂತಿರುಗಿಸುತ್ತದೆ. ಸರಿಯಾದ ವಿಧಾನ ಡಿಪಿಕೆಜಿ-ಕ್ವೆರಿಯಿಂದ ಸ್ಟೇಟಸ್ ಎಂಬ ಕ್ಷೇತ್ರವನ್ನು ಮಾತ್ರ ತೆಗೆದು, ಅದು 'ಇನ್‌ಸ್ಟಾಲ್ ಓಕೆ ಇನ್‌ಸ್ಟಾಲ್ಡ್' ಎಂದು ಅಕ್ಷರಶಃ ಇದೆಯೇ ಎಂದು ಹೋಲಿಸುವುದು. ಮೂರು ಪದಗಳಿಗೂ ಬೇರೆ ಬೇರೆ ಅರ್ಥವಿದೆ: ನಾವು ಬಯಸಿದ್ದು ಏನು, ದೋಷವಿದೆಯೇ, ಈಗಿನ ಸ್ಥಿತಿ ಏನು. ಡಿಪಿಕೆಜಿಯ ಕೈಪಿಡಿ ಪುಟವನ್ನು ಒಂದು ಸಂಜೆ ಕುಳಿತು ಓದಿ.

ಪೈಥಾನ್ ಒಲವು:

ಇಷ್ಟೆಲ್ಲ ಗುಂಡಿಗಳಿರುವ ಭಾಷೆಯನ್ನು ಏಕೆ ಕಲಿಯಬೇಕು? ಇದೇ ಕೆಲಸ ಪೈಥಾನ್‌ನಲ್ಲಿ ಮಾಡಿದರೆ ಹೆಸರುಗಳ ಪಟ್ಟಿ ಪಟ್ಟಿಯಾಗಿಯೇ ಇರುತ್ತದೆ. ಬೇರೆ ಪ್ರೋಗ್ರಾಮ್ ಓಡಿಸುವ ಸಬ್‌ಪ್ರೊಸೆಸ್‌ಗೆ ನೇರವಾಗಿ ಕೊಡಬಹುದು, ಉದ್ಧರಣ ಚಿಹ್ನೆಯ ತಲೆನೋವಿಲ್ಲ. ಸೋತರೆ ಎಕ್ಸೆಪ್ಶನ್ (ದೋಷದ ಸೂಚನೆ) ಬರುವಂತೆ ಮಾಡಬಹುದು.

ಲ್ಯಾಬ್ ಮೇಷ್ಟ್ರು:

ನೂರೈವತ್ತು ಸಾಲು ದಾಟಿದ ದಿನ ಪೈಥಾನ್‌ಗೆ ಹೋಗಲಿ, ನಾನೇ ಕಳುಹಿಸಿಕೊಡುತ್ತೇನೆ. ಆದರೆ ಸಬ್‌ಪ್ರೊಸೆಸ್ ಎಂದಾಗಲೂ ಇನ್‌ಪುಟ್, ಔಟ್‌ಪುಟ್, ಎಕ್ಸಿಟ್ ಕೋಡ್ ಅವೇ ಮೂರು. ಅಲ್ಲಿಯೂ ಆಪ್ಟ್-ಗೆಟ್ 100 ಎಂದು ಹೊರಬಂದರೆ ಏನರ್ಥ ಎಂಬುದು ತಿಳಿದಿರಬೇಕು. ಅದನ್ನು ತೆರೆಯಿಲ್ಲದೆ ತೋರಿಸುವುದು ಶೆಲ್.

ಸರ್ವರ್ ಕಾವಲು:

ಸ್ಕ್ರಿಪ್ಟ್ ಬರೆಯುವುದೇ ಖಚಿತವಾದರೆ ಮೇಲ್ಭಾಗದಲ್ಲಿ ಸೆಟ್ -ಇ, ಸೆಟ್ -ಯು, ಪೈಪ್‌ಫೇಲ್ ಮೂರನ್ನೂ ಹಾಕಿ. ಸೆಟ್ -ಇ ಇದ್ದರೆ ಯಾವುದೇ ಆದೇಶ ಸೋತಾಗ ಅಲ್ಲೇ ನಿಲ್ಲುತ್ತದೆ, ಸೆಟ್ -ಯು ಇದ್ದರೆ ಬೆಲೆ ಕೊಡದ ವೇರಿಯಬಲ್ ಬಳಸಿದಾಗ ಅಲ್ಲೇ ನಿಲ್ಲುತ್ತದೆ, ಪೈಪ್‌ಫೇಲ್ ಇದ್ದರೆ ಪೈಪಿನಲ್ಲಿ ಜೋಡಿಸಿದ ಯಾವುದೇ ಆದೇಶದ ಸೋಲೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ 'ಎಲ್ಲವೂ ಮುಗಿಯಿತು' ಎಂಬ ಸುಳ್ಳು ಸಂದೇಶ ಬರುತ್ತಲೇ ಇರಲಿಲ್ಲ.

ಲ್ಯಾಬ್ ಮೇಷ್ಟ್ರು:

ಸೆಟ್ -ಯು ಬಗ್ಗೆ ತಕರಾರಿಲ್ಲ. ಆದರೆ ಸೆಟ್ -ಇ ಹೊಸಬರಿಗೆ ಕೊಡುವ ಮೊದಲ ಔಷಧಿಯಾಗಬಾರದು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಅದು ಯಾವಾಗ ಕೆಲಸ ಮಾಡುವುದಿಲ್ಲ ಎಂಬ ಪಟ್ಟಿ ಉದ್ದವಾಗಿದೆ. ಒಂದು ಫಂಕ್ಷನ್ನನ್ನು ಇಫ್ ಒಳಗೆ ಕರೆದರೆ ಆ ಫಂಕ್ಷನ್ನಿನ ಒಳಗಿನ ಎಲ್ಲ ಸಾಲುಗಳಿಗೂ ಅದು ನಿಷ್ಕ್ರಿಯ. ಲೋಕಲ್ ಎಂದು ವೇರಿಯಬಲ್ ಘೋಷಿಸುವ ಸಾಲಿನಲ್ಲೇ ಆದೇಶದ ಫಲಿತಾಂಶ ತುಂಬಿದರೆ, ಆದೇಶ ಸೋತರೂ ಲೋಕಲ್ ಗೆದ್ದದ್ದರಿಂದ ಸೋಲು ಮುಚ್ಚಿಹೋಗುತ್ತದೆ. ಇನ್ನೊಂದು ಕಡೆ ಸೋಲಲ್ಲದ್ದನ್ನು ಸೋಲೆನ್ನುತ್ತದೆ. ಸೊನ್ನೆಯಲ್ಲಿರುವ ಎಣಿಕೆಯನ್ನು ಜೋಡಿ ಆವರಣದೊಳಗೆ ++ ಹಾಕಿ ಹೆಚ್ಚಿಸಿ ನೋಡಿ, ಸ್ಕ್ರಿಪ್ಟ್ ಸದ್ದಿಲ್ಲದೆ ಸಾಯುತ್ತದೆ. ಗ್ರೆಪ್‌ಗೆ ಏನೂ ಸಿಗದಿದ್ದರೆ 1, ನಿಜವಾದ ದೋಷವಾದರೆ 2. ಸೆಟ್ -ಇ ಎರಡನ್ನೂ ಒಂದೇ ಎಂದು ತಿಳಿಯುತ್ತದೆ.

ಹೊಸಬರು ಪ್ರತಿ ಮುಖ್ಯ ಆದೇಶದ ನಂತರವೂ 'ಸೋತರೆ ಏನು ಮಾಡಲಿ' ಎಂದು ಕೈಯಾರೆ ಬರೆಯಬೇಕು. ಆರು ತಿಂಗಳು ಹಾಗೆ ಬರೆದ ಮೇಲೆ ಸೆಟ್ -ಇ ಹಾಕಲಿ. ಆಗ ಅದನ್ನು ಎಲ್ಲಿ ನಂಬಬಾರದು ಎಂಬುದು ಅವರಿಗೆ ಗೊತ್ತಿರುತ್ತದೆ.

ಸರ್ವರ್ ಕಾವಲು:

ಇದನ್ನು ನಾನು ಒಪ್ಪುವುದಿಲ್ಲ. ನೀವು ಹೇಳಿದ ಎಲ್ಲ ಅಪವಾದಗಳೂ ನಿಜ. ಆದರೂ ಮರೆವು ಮನುಷ್ಯನಿಗೆ ಸಹಜ. ಹತ್ತು ಕಡೆ ಪರೀಕ್ಷೆ ಬರೆದು ಹನ್ನೊಂದನೆಯದನ್ನು ಮರೆಯುತ್ತೇವೆ. ಡೌನ್‌ಲೋಡ್ ಕೋಶಕ್ಕೆ ಸಿಡಿ ಆದೇಶದಿಂದ ಹೋಗುವುದು ಸೋತು, ಮುಂದಿನ ಸಾಲು ಇದ್ದ ಜಾಗದಲ್ಲೇ ಎಲ್ಲವನ್ನೂ ಅಳಿಸುವುದನ್ನು ಕಣ್ಣಾರೆ ಕಂಡವನು ನಾನು. ಪೂರ್ತಿ ಕಾಯದ ಬೇಲಿಯಾದರೂ ಬೇಲಿ ಇರಲಿ.

ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಮಾತು ಹೇಳಬಹುದು: ಸ್ಕ್ರಿಪ್ಟಿನ ತಪ್ಪು ಹುಡುಕುವ ಶೆಲ್‌ಚೆಕ್ ಬಳಸಿ. ಅದೂ ಆಪ್ಟ್‌ನಲ್ಲೇ ಸಿಗುತ್ತದೆ. ವೇರಿಯಬಲ್ ಸುತ್ತ ಉದ್ಧರಣ ಚಿಹ್ನೆ ಮರೆತರೆ ಎಸ್‌ಸಿ2086 ಎಂಬ ಸಂಖ್ಯೆಯೊಂದಿಗೆ ಹೇಳುತ್ತದೆ. ಲೋಕಲ್ ವಿಚಾರವನ್ನೂ ಹಿಡಿಯುತ್ತದೆ, ಲೂಪಿನೊಳಗಿನ ಎಸ್‌ಎಸ್‌ಎಚ್ ಇನ್‌ಪುಟ್ ನುಂಗುವುದನ್ನೂ ಹಿಡಿಯುತ್ತದೆ.

ಲ್ಯಾಬ್ ಮೇಷ್ಟ್ರು:

ಶೆಲ್‌ಚೆಕ್ ವಿಷಯದಲ್ಲಿ ಪೂರ್ಣ ಸಹಮತ. ಸೆಟ್ -ಇ ಬಗ್ಗೆ ನಮ್ಮ ಭಿನ್ನಾಭಿಪ್ರಾಯ ಹಾಗೆಯೇ ಇರಲಿ.

ಕಲಿಕೆಯ ಹಾದಿ:

ಮೂರು ದಿನ ಇದರಲ್ಲೇ ಕಳೆದೆ. ಎಲ್ಲರಿಗೂ ಕೃತಜ್ಞತೆಗಳು. ಹೊರನಾಡಿಗ ಅವರು ಹೇಳಿದಂತೆ ಎರಡು ಅರೇಗಳ ವಿಧಾನದಲ್ಲಿ ಬರೆದೆ. ಓಡಿಸಿದರೆ ಹನ್ನೆರಡೂ ಹೆಸರುಗಳು 'ಸಿಗಲಿಲ್ಲ' ಎಂಬ ಅರೇಗೆ ಹೋದವು! ಗಿಟ್ ಕೂಡ ಇಲ್ಲವಂತೆ. ಅದೇ ಹೆಸರನ್ನು ಕೈಯಿಂದ ಬೆರಳಚ್ಚಿಸಿದರೆ ಸಿಗುತ್ತದೆ. ದೋಷದ ಸಂದೇಶವೂ ವಿಚಿತ್ರವಾಗಿ, ಸಾಲಿನ ಆರಂಭವನ್ನು ಅದರ ಬಾಲವೇ ಅಳಿಸಿ ಬರೆದಂತೆ ಕಾಣುತ್ತಿತ್ತು.

ಅರ್ಧ ದಿನದ ನಂತರ ಕಾಣದ ಅಕ್ಷರಗಳನ್ನೂ ತೋರಿಸುವ ಕ್ಯಾಟ್ -ಎ (ದೊಡ್ಡ ಎ) ಹಾಕಿ ನೋಡಿದೆ. ಪ್ರತಿ ಹೆಸರಿನ ಕೊನೆಯಲ್ಲಿ ^ಎಂ ಎಂಬ ಗುರುತು. ಮನೆಯಲ್ಲಿ ವಿಂಡೋಸ್‌ನಲ್ಲಿ ಪಟ್ಟಿಯನ್ನು ತಿದ್ದಿ ಪೆನ್‌ಡ್ರೈವ್‌ನಲ್ಲಿ ತಂದಿದ್ದೆ. ವಿಂಡೋಸ್ ಸಾಲಿನ ಕೊನೆಗೆ ಎರಡು ಅಕ್ಷರ ಹಾಕುತ್ತದೆ, ಲಿನಕ್ಸ್ ಒಂದನ್ನೇ ನಿರೀಕ್ಷಿಸುತ್ತದೆ. ನಾನು ಆಪ್ಟ್‌ಗೆ ಕೊಟ್ಟದ್ದು ಗಿಟ್ ಅಲ್ಲ, ಗಿಟ್ ಮತ್ತು ಕಣ್ಣಿಗೆ ಕಾಣದ ಒಂದು ಅಕ್ಷರ. ಟಿಆರ್ -ಡಿ ಬಳಸಿ ಅದನ್ನು ತೆಗೆದ ಕೂಡಲೇ ಎಲ್ಲವೂ ಸರಿಯಾಯಿತು. ಕಣ್ಣಿಗೆ ಕಾಣುವುದೇ ಯಂತ್ರಕ್ಕೂ ಕಾಣುತ್ತದೆ ಎಂದು ಇಷ್ಟು ದಿನ ನಂಬಿದ್ದೆ.

ಇನ್ನೊಂದು ಸಂತೋಷದ ವಿಷಯ. ಬ್ಯಾಷ್‌ನಲ್ಲಿ ಫಂಕ್ಷನ್ನಿಗೆ 'ಸ್ಥಾಪಿಸು' ಎಂದು ಕನ್ನಡದಲ್ಲೇ ಹೆಸರಿಟ್ಟೆ, ಕೆಲಸ ಮಾಡಿತು! ಆದರೆ 'ಹೆಸರು' ಎಂದು ವೇರಿಯಬಲ್ ಮಾಡಲು ಹೋದರೆ ಅಂಥ ಆದೇಶವಿಲ್ಲ ಎಂದಿತು.

ಹೊರನಾಡಿಗ:

ವೇರಿಯಬಲ್ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ನಡೆಯುತ್ತವೆ. ಫಂಕ್ಷನ್ ಹೆಸರಿನಲ್ಲಿ ಬ್ಯಾಷ್ ಉದಾರಿ. ಆದರೆ ಅದೇ ಸ್ಕ್ರಿಪ್ಟನ್ನು ಎಸ್‌ಎಚ್ ಎಂದು ಓಡಿಸಿದರೆ ಸೋಲುತ್ತದೆ. ಡೆಬಿಯನ್‌ನಲ್ಲಿ /ಬಿನ್/ಎಸ್‌ಎಚ್ ಎಂದರೆ ಬ್ಯಾಷ್ ಅಲ್ಲ, ಡ್ಯಾಷ್ ಎಂಬ ಬೇರೆ ಶೆಲ್. ಉಬುಂಟು 2006ರಲ್ಲಿ, ಡೆಬಿಯನ್ 2011ರ ಸ್ಕ್ವೀಜ್ ಆವೃತ್ತಿಯಲ್ಲಿ ಹಾಗೆ ಬದಲಾದವು. ನೀವು ಬಳಸುತ್ತಿರುವ ಅರೇಗಳೂ ಅಲ್ಲಿ ಇಲ್ಲ. ಆದ್ದರಿಂದ ಮೊದಲ ಸಾಲಿನಲ್ಲಿ ಬ್ಯಾಷ್ ಎಂದೇ ಬರೆಯಿರಿ, ಕಡತಕ್ಕೆ ಓಡುವ ಅನುಮತಿ ಕೊಟ್ಟು ಅದರ ಹೆಸರಿನಿಂದಲೇ ಓಡಿಸಿ. ಕನ್ನಡದ ಫಂಕ್ಷನ್ ಹೆಸರುಗಳನ್ನು ಇಟ್ಟುಕೊಳ್ಳಿ. ನನಗೆ ಬಹಳ ಇಷ್ಟವಾಯಿತು.

ಫೆಡೋರಾ, ಆರ್ಚ್ ಎಂಬ ಬೇರೆ ಲಿನಕ್ಸ್‌ಗಳಿಗೂ ಇದನ್ನು ವಿಸ್ತರಿಸುವ ಆಸೆ ಬರಬಹುದು. /ಇಟಿಸಿ/ಓಎಸ್-ರಿಲೀಸ್ ಕಡತವನ್ನು ಓದಿಕೊಂಡರೆ ಐಡಿ ಸಿಗುತ್ತದೆ, ಕೇಸ್ ಬಳಸಿ ಅವುಗಳ ಪ್ಯಾಕೇಜ್ ಆದೇಶಗಳಾದ ಡಿಎನ್‌ಎಫ್ ಅಥವಾ ಪ್ಯಾಕ್‌ಮ್ಯಾನ್ ಕರೆಯಬಹುದು. ಅಲ್ಲಿಯವರೆಗೆ ಒಳ್ಳೆಯ ಅಭ್ಯಾಸ. ಅದರಾಚೆ ಕೆಸರು. ಬಿಲ್ಡ್-ಎಸೆನ್ಷಿಯಲ್ ಆರ್ಚ್‌ನಲ್ಲಿ ಬೇಸ್-ಡೆವೆಲ್, ಫೆಡೋರಾದಲ್ಲಿ ಒಂದು ಗುಂಪು. ಹೆಸರುಗಳ ಕೋಷ್ಟಕ ಕಾಯುವುದರಲ್ಲೇ ಆಯುಷ್ಯ ಹೋಗುತ್ತದೆ. ನಾನು ಒಂದು ವರ್ಷ ಕಾದು ಬಿಟ್ಟೆ.

ಸರ್ವರ್ ಕಾವಲು:

ಪ್ರಯೋಗಾಲಯದ ಯಂತ್ರಗಳಿಗೆ ಹಾಕುವ ಮೊದಲು ದಯವಿಟ್ಟು ಆಪ್ಟ್-ಗೆಟ್‌ಗೆ -ಎಸ್ ಕೊಟ್ಟು ಓಡಿಸಿ. ಅದು ಏನು ಮಾಡುತ್ತೇನೆಂದು ಹೇಳುತ್ತದೆ, ಏನನ್ನೂ ಮಾಡುವುದಿಲ್ಲ, ರೂಟ್ ಅಧಿಕಾರವೂ ಬೇಕಿಲ್ಲ. ಸ್ಕ್ರಿಪ್ಟನ್ನೇ ಸುಡೊ ಹಾಕಿ ಓಡಿಸಬೇಡಿ, ಒಳಗಿನ ಆ ಒಂದು ಸಾಲಿಗೆ ಮಾತ್ರ ಸುಡೊ ಇರಲಿ. ಹೆಸರುಗಳನ್ನು ಬೇರ್ಪಡಿಸುವುದಕ್ಕೆ, ಪಟ್ಟಿ ಓದುವುದಕ್ಕೆ ರೂಟ್ ಏಕೆ? ಪ್ರಶ್ನೆ ಕೇಳದಂತೆ ಮಾಡುವ ಡೆಬಿಯನ್_ಫ್ರಂಟ್‌ಎಂಡ್=ನಾನ್‌ಇಂಟರಾಕ್ಟಿವ್ ಎಂಬುದನ್ನು ಸುಡೊ ಪದದ ಮುಂದೆ ಹಾಕಿದರೆ ತಲುಪುವುದಿಲ್ಲ, ಸುಡೊ ಪರಿಸರದ ಬಹುತೇಕ ವೇರಿಯಬಲ್‌ಗಳನ್ನು ತೊಳೆದುಹಾಕುತ್ತದೆ. ಸುಡೊ ಆದ ಮೇಲೆ ಹಾಕಿ.

ಆರ್‌ಎಂ ಆದೇಶ ನಿಮ್ಮ ಸ್ಕ್ರಿಪ್ಟಿನಲ್ಲಿ ಎಲ್ಲಾದರೂ ಇದೆಯೇ?

ಕಲಿಕೆಯ ಹಾದಿ:

ಎಲ್ಲಿಯೂ ಇಲ್ಲ. ನಿಮ್ಮ ಬಂಬಲ್‌ಬೀ ಕಥೆ ಓದಿದ ಮೇಲೆ ಇದ್ದ ಒಂದನ್ನೂ ತೆಗೆದೆ. ಸುಡೊ ಒಂದೇ ಸಾಲಿನಲ್ಲಿದೆ.

ಸರ್ವರ್ ಕಾವಲು:

ಹಾಗಿದ್ದರೆ ನನ್ನ ಮೊದಲ ತಕರಾರಿನ ಅರ್ಧವನ್ನು ಹಿಂತೆಗೆದುಕೊಳ್ಳುತ್ತೇನೆ. ಅಳಿಸುವ ಆದೇಶವಿಲ್ಲದ, ರೂಟ್ ಒಂದೇ ಸಾಲಿಗೆ ಸೀಮಿತವಾದ ಸ್ಕ್ರಿಪ್ಟಿಗೆ ನಾನು ಹೆದರುವುದಿಲ್ಲ. ಉಳಿದ ಅರ್ಧ ಹಾಗೆಯೇ ಇದೆ: 24 ಯಂತ್ರಗಳನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕಾದರೆ ಅನ್ಸಿಬಲ್ ಕಲಿಯಿರಿ. ಅದು ಒಳಗೆ ಏನು ಮಾಡುತ್ತದೆ ಎಂಬುದು ಈಗ ನಿಮಗೆ ಬೇಗ ಹಿಡಿಯುತ್ತದೆ.

ಕಲಿಕೆಯ ಹಾದಿ:

ಇಂದು ಓಡಿಸಿದೆ. ಯಂತ್ರದ ಹೆಸರು ಮತ್ತು ಎಕ್ಸಿಟ್ ಕೋಡ್ ಒಂದೇ ಸಾಲಿನಲ್ಲಿ ಬರುವಂತೆ ಮಾಡಿದ್ದೆ. 23 ಸೊನ್ನೆ, ಒಂದು 100. ಮೊದಲಿನ ಸ್ಕ್ರಿಪ್ಟ್ ಆಗಿದ್ದರೆ 24ಕ್ಕೂ 'ಎಲ್ಲವೂ ಮುಗಿಯಿತು' ಎನ್ನುತ್ತಿತ್ತು. ಸೋತ ಯಂತ್ರದಲ್ಲಿ ಲಾಕ್-ಫ್ರಂಟ್‌ಎಂಡ್ ಎಂಬ ಕಡತವನ್ನು ಬೇರೆ ಪ್ರಕ್ರಿಯೆ ಹಿಡಿದುಕೊಂಡಿದೆ ಎಂದು ಸಂದೇಶ. ಆ ಕಡತವನ್ನು ಅಳಿಸಿ ಎಂದು ಒಬ್ಬರು ಹೇಳಿದರು. ಅಳಿಸಲಿಲ್ಲ. ಇಲ್ಲಿ ಕೇಳುತ್ತಿದ್ದೇನೆ.

ಸರ್ವರ್ ಕಾವಲು:

ಅಳಿಸದೆ ಇದ್ದದ್ದು ಬಹಳ ಒಳ್ಳೆಯದಾಯಿತು. ಬೀಗ ಆ ಕಡತ ಇರುವುದರಲ್ಲಿಲ್ಲ, ಒಂದು ಪ್ರಕ್ರಿಯೆ ಅದನ್ನು ಹಿಡಿದಿರುವುದರಲ್ಲಿದೆ. ಅಳಿಸಿದರೆ ಇಬ್ಬರು ಒಟ್ಟಿಗೆ ಒಳನುಗ್ಗಿ ಡಿಪಿಕೆಜಿಯ ದಾಖಲೆಗಳು ಕೆಡಬಹುದು. ಹೆಚ್ಚಿನ ಪಾಲು ಅದು ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಇರಬೇಕು, ಯಂತ್ರ ಶುರುವಾದ ಸ್ವಲ್ಪ ಹೊತ್ತಿಗೆ ಸುರಕ್ಷತಾ ನವೀಕರಣಗಳನ್ನು ತಾನೇ ಹಾಕುತ್ತಿರುತ್ತದೆ. ಆಪ್ಟ್-ಗೆಟ್‌ಗೆ -ಒ ಜೊತೆ ಡಿಪಿಕೆಜಿ::ಲಾಕ್::ಟೈಮ್‌ಔಟ್=300 ಎಂದು ಕೊಡಿ. ಐದು ನಿಮಿಷದವರೆಗೆ ತಾಳ್ಮೆಯಿಂದ ಕಾಯುತ್ತದೆ.

ಹೊರನಾಡಿಗ:

ಸೊನ್ನೆ ಬಂದ 23ರಲ್ಲಿ ಕನ್ನಡ ಬೆರಳಚ್ಚು ನಿಜವಾಗಿ ಆಗುತ್ತಿದೆಯೇ ನೋಡಿ. ಐಬಸ್-ಎಂ17ಎನ್ ಬಂದಿದೆ ಎಂಬುದಷ್ಟೇ ಆಪ್ಟ್‌ಗೆ ಗೊತ್ತು. ಬಳಕೆದಾರರು ಒಮ್ಮೆ ಹೊರಹೋಗಿ ಒಳಬಂದು, ಇನ್‌ಪುಟ್ ಮೂಲಗಳಲ್ಲಿ ಕೆಜಿಪಿಯನ್ನು ಸೇರಿಸಿಕೊಳ್ಳಬೇಕು. ಕನ್ನಡ ಗಣಕ ಪರಿಷತ್ತಿನ ವಿನ್ಯಾಸ ಅಲ್ಲಿ ಆ ಹೆಸರಿನಲ್ಲಿದೆ.

ಕಲಿಕೆಯ ಹಾದಿ:

ಟೈಮ್‌ಔಟ್ ಹಾಕಿದ ಮೇಲೆ ನಾಲ್ಕು ನಿಮಿಷ ಸುಮ್ಮನೆ ನಿಂತಿತ್ತು, ಆಮೇಲೆ ತಾನಾಗಿ ಮುಂದುವರಿದು ಸೊನ್ನೆ ಕೊಟ್ಟಿತು. ಕೆಜಿಪಿಯನ್ನು ಯಾವ ಯಂತ್ರದಲ್ಲೂ ಸೇರಿಸಿರಲಿಲ್ಲ, ಹೊರನಾಡಿಗ ಅವರ ಅನುಮಾನ ಸರಿಯಾಗಿತ್ತು. ಆರು ಯಂತ್ರಗಳಲ್ಲಿ ಕೈಯಿಂದ ಸೇರಿಸಿದೆ, ಉಳಿದ ಹದಿನೆಂಟು ನಾಳೆಗೆ. ಇದನ್ನೂ ಆದೇಶದಿಂದ ಮಾಡಲು ಬರುತ್ತದೆಯೇ ಎಂದು ಈಗ ಸೆಟ್ಟಿಂಗ್ ಬದಲಿಸುವ ಆದೇಶ ಜಿಸೆಟ್ಟಿಂಗ್ಸ್‌ನ ಕೈಪಿಡಿ ಪುಟ ತೆರೆದು ಕುಳಿತಿದ್ದೇನೆ.